ಗೃಹದಾನವೋ, ಕಂದಾಯವೋ?

ಅನ್ನದಾನ, ವಿದ್ಯಾದಾನಗಳಿಗೆ ಸಲ್ಲುವ ಗೌರವವು ಗೃಹದಾನಕ್ಕೂ ಸಲ್ಲತಕ್ಕದ್ದೇ. ಆದರೆ ಇವುಗಳಲ್ಲಿ ಒಂದು ಭೇದವುಂಟು. ಹಸಿದವನಿಗೆ ಒಂದು ಹೊತ್ತಿನಲ್ಲಿ ಅನ್ನವನ್ನು ಬಡಿಸಬಹುದು; ಸೂರಿಲ್ಲದವನಿಗೆ ಒಂದು ದಿನದಲ್ಲಿ ಮನೆಯೇಳುವುದಿಲ್ಲ. ಆದುದರಿಂದ ಬಡ ಸಂಸಾರಗಳಿಗೆ ಮನೆ ಕಟ್ಟಿಕೊಡುವ ಸೇವೆಗಿಳಿದವನು ಧನದೊಡನೆ ತನ್ನ ಆಯುಷ್ಯದ ಒಂದಂಶವನ್ನೂ ಕೊಡಬೇಕಾಗುತ್ತದೆ. ಹಣ ಕೊಟ್ಟರೆ ಸಾಲದೆ? ವರ್ಷಗಳನ್ನೇಕೆ ಕೊಡಬೇಕು? ಇದೇ ಪ್ರಕೃತ ವಿಚಾರ.

2009ರ ಅಕ್ಟೋಬರ್ 2ನೆಯ ದಿನವನ್ನು ಆಸ್ತಿಕ ಬಂಧುಗಳು ಮರೆತಿರಲಾರರು. ಅಂದು ತುಂಗಭದ್ರೆಯು ಉಕ್ಕಿ ಮಂತ್ರಾಲಯದ ಶ್ರೀಮಠವನ್ನೇ ಹೊಕ್ಕಳು. ಅದೇ ನೆರೆಯಲ್ಲಿ ನಮ್ಮ ಸಿರುಗುಪ್ಪ ಸೀಮೆಯ ನದೀತೀರದ ಹಳ್ಳಿಗಳೂ ನೊಂದವು. ಬಳಿಕ ಸರ್ಕಾರವು 'ಆಸರೆ' ಯೋಜನೆಯಿಂದ, ದಾನಿಗಳ ನೆರವನ್ನು ಪಡೆದು, ಉತ್ತರ ಕರ್ನಾಟಕದ ಸಂತ್ರಸ್ತರಿಗೆ ಹೊಸ ಮನೆಗಳನ್ನು ಕಟ್ಟಿಸಿತು. ಅದು ದೊಡ್ಡ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಹಲವೆಡೆ ಕಟ್ಟಿದ ಮನೆಗಳಿಗೆ ಜನರು ಹೋಗಲಿಲ್ಲ. ಹೊಲ ದೂರ, ಕುಡಿಯುವ ನೀರಿಲ್ಲ, ದನ ಕಟ್ಟಲು ಸ್ಥಳವಿಲ್ಲ ಎಂಬುದೇ ಅವರ ಅಳಲು. ಅಲ್ಲಿ ಹಣವಿತ್ತು, ಇಟ್ಟಿಗೆಯಿತ್ತು. ಆ ಸಂಸಾರದ ಜೊತೆ ಕುಳಿತು "ನಿಮಗೇನು ಬೇಕು?" ಎಂದು ಕೇಳಿ, ಕಟ್ಟಿ ಮುಗಿದ ಮೇಲೂ ಬಂದು ವಿಚಾರಿಸುವವರು ಇರಲಿಲ್ಲ.

ಮನೆ ಕಟ್ಟುವ ಕ್ರಮವೇ ಈ ಪಾಠವನ್ನು ಹೇಳುತ್ತದೆ. ನಮ್ಮ ಬಳ್ಳಾರಿ ಸೀಮೆಯ ಎರೆಭೂಮಿಯು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ತಳಪಾಯವನ್ನು ಗಟ್ಟಿ ನೆಲದವರೆಗೆ ಇಳಿಸದಿದ್ದರೆ ಗೋಡೆ ಸೀಳುವುದು ನಿಶ್ಚಯ. ಸಿಮೆಂಟಿನ ಕೆಲಸವನ್ನು ಕನಿಷ್ಠ ಒಂದು ವಾರವಾದರೂ ಒದ್ದೆಯಾಗಿಟ್ಟಿರಬೇಕು; ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು ದಿನ ಇಟ್ಟರೆ ಒಳಿತು. ಗುದ್ದಲಿ ಪೂಜೆಗೆ ನೂರು ಮಂದಿ ನೆರೆಯುತ್ತಾರೆ, ಗೃಹಪ್ರವೇಶದ ಊಟಕ್ಕೆ ಇನ್ನೂರು ಮಂದಿ. ನಡುವಿನ ದಿನಗಳಲ್ಲಿ ಕೊಡ ಹಿಡಿದು ಗೋಡೆಗೆ ನೀರು ಹಾಕಲು ಬರುವವನೊಬ್ಬ. ಮನೆ ನಿಲ್ಲುವುದು ಆ ಒಬ್ಬನಿಂದ.

ಹೀಗೆ ನಿಂತು ಮಾಡಿದ ಮಹನೀಯರಿಗೆ ಕೊರತೆಯಿಲ್ಲ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯನ್ನು ಚಂಡಮಾರುತವು ಹಾಳುಗೆಡವಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಾಗ, ಪೇಜಾವರ ಮಠಾಧೀಶರಾಗಿದ್ದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು ಸ್ವತಃ ಅಲ್ಲಿಗೆ ಧಾವಿಸಿ, ಹಂಸಲದೀವಿಯಲ್ಲಿ ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಪರದೇಶದಲ್ಲಿಯೂ ಇಂತಹ ನಿದರ್ಶನವುಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು, ಅಧಿಕಾರವನ್ನು ಬಿಟ್ಟ ಬಳಿಕ, 'ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ' ಎಂಬ ಸಂಸ್ಥೆಯೊಡನೆ 1984ರಿಂದ ಬಡವರ ಮನೆ ಕಟ್ಟಲು ಸುತ್ತಿಗೆ ಹಿಡಿದರು. 2006ರಲ್ಲಿ ಮಹಾರಾಷ್ಟ್ರದ ಲೋಣಾವಳದ ಸಮೀಪಕ್ಕೂ ಬಂದು ದುಡಿದರು. 2019ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿಯೂ, ಆ ವ್ರತವನ್ನು ಬಿಟ್ಟಿರಲಿಲ್ಲ.

ವ್ರತವೆಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಒಂದು ಏಕಾದಶಿಯಂದು ಉಪವಾಸವಿದ್ದು "ನನ್ನ ಪಾಲಿನದು ಮುಗಿಯಿತು" ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ; ಮರುಪಕ್ಷದಲ್ಲಿ ಏಕಾದಶಿ ಮತ್ತೆ ಬರುತ್ತದೆ. ಶ್ರೀಮದಾಚಾರ್ಯರು ಜನಸೇವೆಯನ್ನು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿರುವರು. ಈ ಹೋಲಿಕೆಯ ಅರ್ಥ ಗಂಭೀರವಾದುದು. ದಾನವನ್ನು ಮನಸ್ಸು ಬಂದಾಗ ಕೊಡಬಹುದು, ಬಾರದಿದ್ದರೆ ಬಿಡಬಹುದು. ಕಂದಾಯವು ಹಾಗಲ್ಲ, ವರ್ಷವರ್ಷವೂ ಸಲ್ಲಬೇಕು. ಕಂದಾಯ ಕಟ್ಟಿದವನು ಕೃತಜ್ಞತೆಯನ್ನು ಬಯಸುವುದಿಲ್ಲ, ತನ್ನ ಹೆಸರಿನ ಕಲ್ಲನ್ನು ನೆಡಿಸುವುದಿಲ್ಲ. "ನಾನು ಹತ್ತು ಮನೆ ಕಟ್ಟಿದೆ" ಎಂಬ ಅಭಿಮಾನಕ್ಕೆ ಇಲ್ಲಿ ಎಡೆಯೇ ಇಲ್ಲ. ಸ್ವತಂತ್ರಕರ್ತನು ಶ್ರೀಹರಿಯೊಬ್ಬನೇ, ನಾವು ಅವನ ಕೈಯ ಕರಣಿಯಂತೆ.

ಹೀಗೆ ಪರರು ಕಟ್ಟಿಕೊಟ್ಟರೆ ಪಡೆಯುವವನು ದೀನನಾಗುವುದಿಲ್ಲವೇ ಎಂದು ಕೆಲವರು ಶಂಕಿಸಬಹುದು. ದಾನವೆಂದರೆ ಆ ಭಯವುಂಟು. ಆದುದರಿಂದಲೇ ಮೇಲೆ ಹೇಳಿದ ಸಂಸ್ಥೆಯು ಮನೆ ಪಡೆಯುವ ಕುಟುಂಬವೂ ಕಟ್ಟಡದಲ್ಲಿ ದುಡಿಯಬೇಕೆಂಬ ನಿಯಮವನ್ನಿಟ್ಟಿದೆ. ಇಬ್ಬರೂ ಒಂದೇ ಗಾರೆಯನ್ನು ಹೊತ್ತಾಗ ಕೊಡುವವನಾರು, ಕೊಳ್ಳುವವನಾರು? ಗೌಂಡಿಯ ಕೂಲಿಯನ್ನು ಕಸಿದುಕೊಳ್ಳುವುದೂ ಸೇವೆಯಲ್ಲ. ಅವನ ಕಸುಬನ್ನು ಅವನಿಗೇ ಬಿಟ್ಟು, ಹೊರುವುದು, ನೀರು ಹಾಕುವುದು, ಕಾಗದಪತ್ರಕ್ಕಾಗಿ ಕಚೇರಿಗೆ ಅಲೆಯುವುದು ಇವೆಲ್ಲ ನಮ್ಮ ಪಾಲಿಗಿರಲಿ.

ಪಾರ್ವತಿನಗರದ ಭದ್ರವಾದ ಮಾಳಿಗೆಗಳಲ್ಲಿ ವಾಸಿಸುವ ನಾವು, ಮಳೆಗಾಲದ ರಾತ್ರಿ ಸೋರುವ ಗುಡಿಸಲಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಎಚ್ಚರಿರುವ ತಾಯಿಯನ್ನು ನೆನೆಯೋಣ. ತಿಂಗಳಿಗೊಂದು ಭಾನುವಾರವಾದರೂ ಸಾಕು. ಆದರೆ ಅದು ಹತ್ತು ವರ್ಷ ತಪ್ಪದಿರಲಿ. ಆ ಕಂದಾಯವು ಬಾಕಿ ಉಳಿಯದಂತೆ ಶ್ರೀಹರಿವಾಯುಗುರುಗಳು ಅನುಗ್ರಹಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.