ಗಳಿಸಿದ ಕೌಶಲ ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿರುವ ನಿಮ್ಮ ಮನೆಯ ಮಗನೂ ಮೊಬೈಲಿನಲ್ಲಿ ವಾಲಿಬಾಲ್ ಆಡುತ್ತಿರಬಹುದು. ತಿಂಗಳುಗಟ್ಟಲೆ ಪಳಗಿಸಿಕೊಂಡ ಪಾತ್ರದ ಜಿಗಿತವನ್ನೂ ಹೊಡೆತವನ್ನೂ ಆಟದ ತಯಾರಕರು ಒಂದೇ ರಾತ್ರಿಯಲ್ಲಿ ಬದಲಿಸಿದರೆ ಅವನ ಮುಖ ಬಾಡುತ್ತದೆ. ನಗಬೇಡಿರಿ. ದುಡಿದು ಗಳಿಸಿದ ಕೌಶಲ ನನ್ನದೋ, ನಿಯಮ ಮಾಡುವವರದೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಅಂಗಳದ ಆಟವೂ ಇದನ್ನು ಕಂಡಿದೆ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವೈ.ಎಂ.ಸಿ.ಎ.ಯ ವಿಲಿಯಂ ಮಾರ್ಗನ್ ರೂಪಿಸಿದ ಈ ಆಟದಲ್ಲಿ ಬಹುಕಾಲ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು. 1990ರ ದಶಕದ ಕೊನೆಗೆ ಪ್ರತಿಯೊಂದು ರ‍್ಯಾಲಿಗೂ ಅಂಕ ಬಂದಿತು. 15ರ ಸೆಟ್ 25ಕ್ಕೇರಿತು. ಸರ್ವಿಸ್ ತಪ್ಪಿದವನು ಅಂದಿನಿಂದ ಅಂಕವನ್ನೇ ತೆತ್ತನು. ಅದೇ ಕಾಲದಲ್ಲಿ ರಕ್ಷಣೆಗೆಂದೇ 'ಲಿಬೆರೊ' ಬಂದನು. ಕುಳ್ಳನೆಂದು ಬದಿಗೆ ಸರಿದಿದ್ದವನಿಗೂ ಸ್ಥಾನವಾಯಿತು. ಬದಲಾವಣೆಯೆಲ್ಲ ಅನ್ಯಾಯವಲ್ಲ.

ಆದರೆ ಅಂಗಳದ ನಿಯಮ ಎಲ್ಲರಿಗೂ ಒಂದೇ. ಮೊಬೈಲಿನ ಎಷ್ಟೋ ಆಟಗಳಲ್ಲಿ ಬಲವುಳ್ಳ ಪಾತ್ರವನ್ನು ಹಣಕ್ಕೆ ಪಡೆಯುವ ದಾರಿಯೂ ಉಂಟು. ಆ ಬಲ ಕುಗ್ಗಿದರೆ ಹೋಗುವುದು ತಂದೆಯ ದುಡಿಮೆ. ಚೆಂಡು ಬೀಳುವೆಡೆಯನ್ನು ಮೊದಲೇ ಊಹಿಸುವ ಕಣ್ಣನ್ನೂ, ಸೋತು ಮತ್ತೆ ತೊಡಗುವ ತಾಳ್ಮೆಯನ್ನೂ ತಯಾರಕರು ಕಸಿಯಲಾರರು. ಮಗನು ಬದಲಾದ ಪಾತ್ರವನ್ನು ಹೊಸದಾಗಿ ಕಲಿಯಲು ಕುಳಿತಾಗ, ಬೈಯುವ ಮುನ್ನ ಕೇಳಿರಿ: "ತಮ್ಮಾ, ಇದಕ್ಕೆ ರೊಕ್ಕ ಕೊಟ್ಟೆಯೋ, ಸಮಯ ಕೊಟ್ಟೆಯೋ?"