ಸೇವೆಗೆ ಸಾಕ್ಷಿ ಯಾರು?

ಉಪಕಾರ ಮಾಡಿದವನು ಅದನ್ನು ಮರೆಯಬೇಕು, ಉಪಕಾರ ಪಡೆದವನು ಅದನ್ನು ನೆನೆಯಬೇಕು ಎಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ನೀತಿ. ಲೋಕವ್ಯವಹಾರದಲ್ಲಿ ಈ ನೀತಿಯು ತಲೆಕೆಳಗಾಗುವ ಸ್ಥಳವೊಂದುಂಟು. ಅದು ಕಚೇರಿಯ ಕಿಟಕಿ. ಅಲ್ಲಿ ಸೇವೆ ಮಾಡಿದವನು ತನ್ನ ಸೇವೆಯನ್ನು ತಾನೇ ನೆನಪಿಟ್ಟುಕೊಂಡು, ತಾನೇ ಹೊತ್ತುತಂದು, ತಾನೇ ರುಜುವಾತುಪಡಿಸಬೇಕಾಗುವುದು.

ಆಳಂದ ತಾಲ್ಲೂಕಿನ ಒಂದು ಹಳ್ಳಿಯವನು, ಯೌವನದ ಹದಿನೇಳು ವರ್ಷಗಳನ್ನು ಸೈನ್ಯದಲ್ಲಿ ಕಳೆದು ಬಂದವನು, ಯಾವುದೋ ಒಂದು ಶುಲ್ಕದ ರಿಯಾಯಿತಿಯನ್ನು ಕೇಳಲು ಆ ಕಿಟಕಿಯ ಮುಂದೆ ನಿಂತಿದ್ದಾನೆಂದು ಭಾವಿಸೋಣ. ಒಳಗಿನಿಂದ ಬರುವ ಮೊದಲ ಮಾತು ಇದು: “ಮುತ್ಯಾ, ನೀವು ಮಿಲ್ಟ್ರಿಯೊಳಗ ಇದ್ರಿ ಅನ್ಲಿಕ್ಕ ಏನರ ಕಾಗದ ಅದಾವೇನ್ರಿ?” ಪ್ರಶ್ನೆಯಲ್ಲಿ ಅವಿನಯವಿಲ್ಲ. ಆದರೂ ಕೇಳಿದವನ ಎದೆಯಲ್ಲಿ ಏನೋ ಚುಚ್ಚಿದಂತಾಗುವುದು. ಗಡಿಯ ಹಿಮದಲ್ಲಿ ಕಾವಲು ನಿಂತಾಗ ಯಾರೂ ತನ್ನನ್ನು ಕಾಗದ ಕೇಳಲಿಲ್ಲವಲ್ಲ ಎಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಹಾಗಾದರೆ ಸೇವೆಗೆ ಸಾಕ್ಷ್ಯವನ್ನು ಕೇಳುವುದು ಅವಮಾನವೇ?

ಅವಮಾನವಲ್ಲವೆಂದೇ ಮೊದಲು ಹೇಳಬೇಕಾಗಿದೆ. ಕಿಟಕಿಯೊಳಗಿನ ಗುಮಾಸ್ತನು ಕೊಡುವುದು ತನ್ನ ಮನೆಯ ಹಣವನ್ನಲ್ಲ. ಕೇಂದ್ರ ಸರ್ಕಾರದ ‘ಸಿ’ ವರ್ಗದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆಂದು ನೂರಕ್ಕೆ ೧೦ ಸ್ಥಾನಗಳನ್ನು ಕಾದಿರಿಸಿದೆ. ವಯಸ್ಸಿನ ಮಿತಿಯಲ್ಲಿ ಸಡಿಲಿಕೆಯುಂಟು. ೨೦೦೩ರಿಂದ ನಿವೃತ್ತಿವೇತನ ಪಡೆಯುವ ಸೈನಿಕರಿಗೂ ಅವರ ಕುಟುಂಬಕ್ಕೂ ಪ್ರತ್ಯೇಕವಾದ ವೈದ್ಯಕೀಯ ಯೋಜನೆಯೊಂದು ನಡೆಯುತ್ತಿದೆ. ಇವೆಲ್ಲವೂ ಎಣಿಕೆಯುಳ್ಳ ವಸ್ತುಗಳು. ಒಬ್ಬ ಅನರ್ಹನಿಗೆ ಸಂದ ಸ್ಥಾನವು ಒಬ್ಬ ಅರ್ಹನಿಗೆ ತಪ್ಪಿದ ಸ್ಥಾನವೇ ಆಗಿರುತ್ತದೆ. ಆದಕಾರಣ, ದಾಖಲೆಯನ್ನು ಕೇಳುವ ಗುಮಾಸ್ತನು ಮುಂದೆ ನಿಂತ ಸೈನಿಕನನ್ನು ಶಂಕಿಸುತ್ತಿಲ್ಲ. ಹಿಂದೆ ಸಾಲಿನಲ್ಲಿ ನಿಂತಿರುವ ಇನ್ನೊಬ್ಬ ಸೈನಿಕನ ಪಾಲನ್ನು ಕಾಯುತ್ತಿದ್ದಾನೆ. ಸೈನ್ಯದವನಾದರೂ ಇದನ್ನು ಬಲ್ಲನು. ಪಹರೆಯಲ್ಲಿ ನಿಂತಾಗ ಗುರುತು ಹೇಳದೆ ಯಾರನ್ನೂ ಒಳಗೆ ಬಿಡದವನು ಅವನೇ.

ಈ ಎಚ್ಚರಿಕೆ ಕೇವಲ ಊಹೆಯಿಂದ ಹುಟ್ಟಿದ್ದಲ್ಲ. ನಮ್ಮ ನೆರೆಯ ಮರಾಠವಾಡದ ಬೀಡ ಜಿಲ್ಲೆಯೂ ಒಂದು ಕಾಲಕ್ಕೆ ನಮ್ಮಂತೆಯೇ ನಿಜಾಮರ ಆಳ್ವಿಕೆಗೆ ಒಳಗಾಗಿದ್ದುದು. ಅಲ್ಲಿ ಸುಳ್ಳು ಕಾಗದಗಳಿಂದ ಸ್ವಾತಂತ್ರ್ಯ ಹೋರಾಟಗಾರರ ಗೌರವಧನವನ್ನು ಪಡೆದರೆಂಬ ಆಪಾದನೆಯು ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಇಂಥ ಸುಳ್ಳಿನಿಂದ ಬೊಕ್ಕಸಕ್ಕೆ ಆಗುವ ನಷ್ಟವು ಸಣ್ಣದು. ನಿಜವಾಗಿ ಕಷ್ಟಪಟ್ಟವರ ಮೇಲೆಲ್ಲ ಬೀಳುವ ಸಂದೇಹದ ನೆರಳು ದೊಡ್ಡದು.

ಆದರೆ ವಿಷಯವು ಇಲ್ಲಿಗೆ ಮುಗಿಯುವುದಿಲ್ಲ. ಸೈನಿಕನ ಕೈಯಲ್ಲಿ ಡಿಸ್ಚಾರ್ಜ್ ಪುಸ್ತಕವಿದೆಯೆಂದರೆ, ಅದನ್ನು ಬರೆದು ಕೊಟ್ಟದ್ದು ಸೈನ್ಯವು. ಸೇರಿದ ದಿನ, ಬಿಟ್ಟ ದಿನ, ನಡತೆ, ಬಿಡುಗಡೆಯ ಕಾರಣ ಎಲ್ಲವೂ ಅದರಲ್ಲಿವೆ. ಬರೆಯುವವರೇ ಇಲ್ಲದಲ್ಲಿ ಸೇವೆ ಮಾಡಿದವನ ಗತಿಯೇನು? ಈ ಪ್ರಶ್ನೆಯನ್ನು ಬೇರೆ ಸೀಮೆಯವರಿಗಿಂತ ನಮ್ಮ ಸೀಮೆಯವರು ಹೆಚ್ಚಾಗಿ ಬಲ್ಲರು.

ಆಳಂದ, ಅಫಜಲಪುರ, ಜೇವರ್ಗಿ ಪ್ರದೇಶಗಳು ೧೯೪೮ರವರೆಗೆ ಹೈದರಾಬಾದು ಸಂಸ್ಥಾನದೊಳಗಿದ್ದವು. ೧೯೪೭ರ ಆಗಸ್ಟ್ ೧೫ರಂದು ದೇಶವು ಸ್ವತಂತ್ರವಾದರೂ ಇಲ್ಲಿಯವರಿಗೆ ಆ ಸ್ವಾತಂತ್ರ್ಯ ಬರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸಿನ ಕರೆಗೆ ಓಗೊಟ್ಟು ಅನೇಕರು ಸೆರೆಮನೆಗೆ ಹೋದರು; ಅನೇಕರು ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ಶಿಬಿರಗಳನ್ನು ಸೇರಿದರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸಿದ ಮುಂಡರಗಿಯ ಶಿಬಿರವು ಅಂಥವುಗಳಲ್ಲಿ ಪ್ರಸಿದ್ಧವಾದುದು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಶರಣಾದರು. ಶಿಬಿರದವರು ತಂತಮ್ಮ ಹೊಲಗಳಿಗೆ ಮರಳಿದರು.

೧೯೭೨ರಲ್ಲಿ, ಸ್ವಾತಂತ್ರ್ಯದ ರಜತೋತ್ಸವದ ಸಂದರ್ಭದಲ್ಲಿ, ಕೇಂದ್ರ ಸರ್ಕಾರವು ಹೋರಾಟಗಾರರಿಗೆ ನಿವೃತ್ತಿವೇತನವನ್ನು ಏರ್ಪಡಿಸಿತು. ೧೯೮೦ರಲ್ಲಿ ಅದನ್ನು ವಿಸ್ತರಿಸಿ ‘ಸ್ವಾತಂತ್ರ್ಯ ಸೈನಿಕ ಸಮ್ಮಾನ’ ಎಂಬ ಹೆಸರಿಟ್ಟಿತು. ಸೈನಿಕ ಎಂಬ ಮಾತನ್ನು ಸರ್ಕಾರವೇ ಆರಿಸಿತೆಂಬುದು ಗಮನಾರ್ಹ. ಆದರೆ ಈ ಸೈನಿಕನು ತೋರಿಸಬೇಕಾದುದೇನು? ಆರು ತಿಂಗಳ ಸೆರೆವಾಸದ ದಾಖಲೆ; ಸ್ತ್ರೀಯರಿಗೂ ಪರಿಶಿಷ್ಟರಿಗೂ ಮೂರು ತಿಂಗಳು. ಭೂಗತನಾಗಿದ್ದರೆ, ತನ್ನ ಬಂಧನಕ್ಕೆ ಆಜ್ಞೆಯಾಗಿತ್ತೆಂದೋ ತನ್ನ ತಲೆಗೆ ಬಹುಮಾನ ಸಾರಿದ್ದರೆಂದೋ ತೋರಿಸತಕ್ಕದ್ದು.

ಇದರಲ್ಲಿ ಒಂದು ವಿಪರೀತವು ಅಡಗಿದೆ. ಯಾವ ಆಡಳಿತದ ವಿರುದ್ಧ ಅವನು ಹೋರಾಡಿದನೋ ಆ ಆಡಳಿತದ ಕಾಗದವೇ ಅವನ ದೇಶಭಕ್ತಿಗೆ ಪರಮಪ್ರಮಾಣವಾಯಿತು! ಹಿಡಿದ ಪೋಲೀಸಿನವನ ಬರಹವು ಸಾಕ್ಷಿ; ಒಟ್ಟಿಗೆ ಹಸಿದಿದ್ದ ನೆರೆಯವನ ಮಾತು ಬರಿಯ ಮಾತು. ಗುಟ್ಟನ್ನು ಕಾಯುವುದೇ ಯಾರ ಕರ್ತವ್ಯವಾಗಿತ್ತೋ, ರಾತ್ರಿ ಭೀಮಾ ನದಿಯ ದಂಡೆಯಲ್ಲಿ ಹೆಜ್ಜೆಗುರುತು ಉಳಿಯದಂತೆ ನಡೆಯುವುದೇ ಯಾರ ಜಾಣ್ಮೆಯಾಗಿತ್ತೋ, ಅಂಥವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವನ ಸಾಕ್ಷ್ಯವು ಕಡಿಮೆಯಾಯಿತು. ಸಾಕ್ಷ್ಯವಿಲ್ಲದಿರುವುದೇ ಕೆಲವೊಮ್ಮೆ ಸೇವೆಯ ಗುಣವಾಗಿರುತ್ತದೆಂಬುದನ್ನು ನಿಯಮವು ಬರೆದವರು ಬೇಗನೆ ಕಾಣಲಿಲ್ಲ.

ತಡವಾಗಿಯಾದರೂ ಕಂಡರೆಂಬುದನ್ನು ನ್ಯಾಯವಾಗಿ ಹೇಳಬೇಕು. ಸೆರೆವಾಸ ಅನುಭವಿಸಿದ ಹಿರಿಯ ಹೋರಾಟಗಾರರ ಪ್ರಮಾಣಪತ್ರಕ್ಕೆ ಅವಕಾಶವಾಯಿತು; ಮುಂದೆ ಗಡಿಯ ಶಿಬಿರಗಳನ್ನೂ ಯೋಜನೆಯೊಳಗೆ ಗಣಿಸಿದರು. ೨೦೦೧ರಲ್ಲಿ ಗುರ್ದಿಯಾಲ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು. ಇಂಥ ವಿಷಯದಲ್ಲಿ ಅಪರಾಧದ ವಿಚಾರಣೆಗೆ ಬೇಕಾದಷ್ಟು ಬಿಗಿಯಾದ ಸಾಕ್ಷ್ಯವನ್ನು ಕೇಳಬಾರದು, ಸಂಭವನೀಯತೆಯನ್ನು ನೋಡಿ ಉದಾರವಾಗಿ ನಿರ್ಣಯಿಸಬೇಕು ಎಂಬುದೇ ಅದರ ತಾತ್ಪರ್ಯ.

ಬೀಡದ ಎಚ್ಚರಿಕೆಯೂ ಸರಿ, ಈ ಔದಾರ್ಯವೂ ಸರಿ ಎಂದರೆ ಎರಡನ್ನೂ ಹೊಂದಿಸುವುದು ಹೇಗೆ? ನಮಗೆ ತೋರುವ ಉತ್ತರವಿದು: ಸಾಕ್ಷ್ಯವು ಬೇಕು, ಆದರೆ ಅದನ್ನು ಹುಡುಕುವ ಭಾರವು ನೆನೆಯಬೇಕಾದವನದು, ಸೇವೆ ಮಾಡಿದವನದಲ್ಲ. ನಮ್ಮ ಪೂರ್ವಿಕರ ರೂಢಿಯೂ ಹೀಗೆಯೇ ಇದ್ದಿತು. ಮಳಖೇಡದ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಕಾಲದ ಆತಕೂರಿನ ಶಾಸನವನ್ನು (ಕ್ರಿ. ಶ. ೯೪೯–೫೦) ನೋಡಿರಿ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಕಡೆಯಲ್ಲಿ ಕಾದಿದ ಮಣಲೇರನೆಂಬ ವೀರನ ಸಂಗತಿ ಅದರಲ್ಲಿದೆ. ಅವನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯ ಸಂಗತಿಯೂ ಇದೆ. ನಾಡಿನ ತುಂಬ ನಿಂತಿರುವ ವೀರಗಲ್ಲುಗಳೂ ಇಂಥವೇ. ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದವರು ದೊರೆಗಳು, ಊರವರು, ಬಂಧುಗಳು. ಕಲ್ಲು ಊರ ಮುಂದೆ ನಿಂತು ಸಾಕ್ಷಿ ಹೇಳುತ್ತಿತ್ತು. ಮಡಿದವನ ಮಗನು ಆ ಕಲ್ಲನ್ನು ಹೊತ್ತುಕೊಂಡು ತಿರುಗಬೇಕಾಗಿರಲಿಲ್ಲ.

ಇಂದಿನ ಸ್ಥಿತಿಯನ್ನು ಇದರೊಡನೆ ಹೋಲಿಸೋಣ. ಸೈನಿಕನ ಸೇವೆಯ ದಾಖಲೆಯು ಅವನ ದಳದ ರೆಕಾರ್ಡ್ ಆಫೀಸಿನಲ್ಲಿ ಭದ್ರವಾಗಿದೆ. ಆದರೆ ಅವನು ತೀರಿಕೊಂಡ ಮೇಲೆ ಅವನ ಹೆಂಡತಿಯ ಹೆಸರು ಸೈನ್ಯದ ಕಾಗದದಲ್ಲಿ ಒಂದು ಬಗೆ, ಆಧಾರಿನಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆಯಾಗಿದ್ದರೆ, ಮೂರೂ ಒಬ್ಬಳೇ ಎಂದು ತೋರಿಸುವ ಹೊಣೆ ಆಕೆಯದು. ಆಳಂದದಿಂದ ಕಲಬುರಗಿಗೆ ಸುಮಾರು ೪೦ ಕಿಲೋಮೀಟರು, ಜೇವರ್ಗಿಯಿಂದಲೂ ಅಷ್ಟೇ, ಅಫಜಲಪುರದಿಂದ ಇನ್ನೂ ಹೆಚ್ಚು. ಓದುಬರಹವನ್ನೇ ಅರಿಯದ ವೃದ್ಧೆಯು ಈ ದಾರಿಯನ್ನು ಅಕ್ಷರವೊಂದರ ತಪ್ಪಿಗಾಗಿ ಎಷ್ಟು ಸಲ ನಡೆಯಬೇಕು? ಆ ತಪ್ಪನ್ನು ಬರೆದ ಕೈ ಆಕೆಯದಲ್ಲ. ನಿವೃತ್ತಿವೇತನ ಪಡೆಯುವವನು ವರ್ಷಕ್ಕೊಮ್ಮೆ ತಾನು ಬದುಕಿರುವುದನ್ನೂ ರುಜುವಾತುಪಡಿಸಬೇಕು. ೨೦೧೪ರಿಂದ ಇದನ್ನು ಯಂತ್ರದ ಮೂಲಕ ಊರಿನಿಂದಲೇ ಮಾಡುವ ಅನುಕೂಲ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ದುಡಿದು ಸವೆದ ಬೆರಳಿನ ರೇಖೆಯನ್ನು ಯಂತ್ರವು ಗುರುತಿಸದಿದ್ದಾಗ ಮನುಷ್ಯನೊಬ್ಬನು ಎದ್ದು ಬಂದು ಮುಖ ನೋಡಬೇಕು.

ಅನರ್ಹನಿಗೆ ಕೊಟ್ಟ ಹಣವನ್ನು ಮುಂದೆ ಹಿಂದಕ್ಕೆ ಪಡೆಯಬಹುದು. ಎಂಬತ್ತು ವರ್ಷದವನಿಗೆ ತಪ್ಪಿಸಿದ ಎರಡು ವರ್ಷಗಳನ್ನು ಯಾವ ಸರ್ಕಾರವೂ ಹಿಂದಕ್ಕೆ ಕೊಡಲಾರದು. ತಕ್ಕಡಿಯನ್ನು ಹಿಡಿದವರು ಈ ವ್ಯತ್ಯಾಸವನ್ನು ಮರೆಯಬಾರದು.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ನೆನೆಯಬೇಕಾದವನೆಂದರೆ ಸರ್ಕಾರವು ಮಾತ್ರವಲ್ಲ, ನಾವೂ ಹೌದು. ಗಡಿಯ ಶಿಬಿರಗಳನ್ನು ಕಣ್ಣಾರೆ ಕಂಡವರು ಇಂದು ಬಲು ವಿರಳ. ಅಂಥವರೊಬ್ಬರು ನಿಮ್ಮ ಓಣಿಯಲ್ಲಿದ್ದರೆ ಅವರ ಬಳಿ ಕುಳಿತು ಅವರ ಮಾತನ್ನು ಬರೆದಿಡಿರಿ. ಸೈನಿಕನ ವಿಧವೆಯೊಬ್ಬಳು ಕಾಗದಗಳ ಗಂಟನ್ನು ಹಿಡಿದು ನಿಮ್ಮ ಮನೆಯ ಬಾಗಿಲಿಗೆ ಬಂದರೆ ಅರ್ಜಿಯನ್ನು ಬರೆದುಕೊಟ್ಟು, ಸಾಧ್ಯವಾದರೆ ಜಿಲ್ಲೆಯ ಕಚೇರಿಯವರೆಗೂ ಜೊತೆಗೆ ಹೋಗಿರಿ. ಓದುಬರಹ ಬಲ್ಲ ಮನೆಗಳಿಗೆ ಇದು ದೊಡ್ಡ ಕೆಲಸವಲ್ಲ. ಕಿಟಕಿಯ ಮುಂದೆ ಆಕೆ ಒಬ್ಬಳೇ ನಿಲ್ಲದಂತಾದರೆ, ಕಾಗದ ಕೇಳುವ ಪ್ರಶ್ನೆಯಲ್ಲಿರುವ ಮುಳ್ಳು ಅಷ್ಟರಮಟ್ಟಿಗೆ ಮೊಂಡಾಗುವುದು.