ಕಥೆಗಾರನ ಪೆಟ್ಟಿಗೆಯ ಹಗ್ಗ

ಮಕ್ಕಳಿಗಾಗಿ ಬರೆಯುವವರು ಮಕ್ಕಳಂತೆಯೇ ನಿರ್ಮಲರೂ ಸರಳರೂ ಆಗಿರಬೇಕೆಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಬೇರೆ ಸಾಹಿತಿಗಳು ಮುಂಗೋಪಿಗಳಾಗಿರಲಿ, ಜಗಳಗಂಟರಾಗಿರಲಿ, ನಾವು ಕ್ಷಮಿಸುತ್ತೇವೆ. ಅದನ್ನೇ ಪ್ರತಿಭೆಯ ಲಕ್ಷಣವೆಂದು ಕೊಂಡಾಡುವುದೂ ಉಂಟು. ಮಕ್ಕಳ ಸಾಹಿತಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಆತ ನಗುಮೊಗದ ತಾತನಾಗಿರಬೇಕು. ತೊಡೆಯ ಮೇಲೊಂದು, ಹೆಗಲ ಮೇಲೊಂದು ಮಗುವಿರಬೇಕು. ಶಾಲೆಯ ಮಕ್ಕಳ ನಡುವೆಯೇ ಬಾಳಿದ ಪಂಜೆ ಮಂಗೇಶರಾಯರಂಥವರನ್ನು ಪಡೆದ ನಮಗೆ ಈ ನಂಬಿಕೆ ಸಹಜವೇ. ಸಮ್ಮೇಳನಗಳಲ್ಲಿ ಮಕ್ಕಳ ಸಾಹಿತ್ಯದ ಗೋಷ್ಠಿ ನಡೆದಾಗಲಂತೂ ಸ್ವಾಗತ ಭಾಷಣಕಾರರು ಈ ಚಿತ್ರವನ್ನೇ ಬರೆದು, ಹಾರ ಹಾಕಿ ಕೂರಿಸುತ್ತಾರೆ. ಈ ಚಿತ್ರ ನಿಜವೇ? ಅದು ನಿಜವಾಗಿರಬೇಕಾದ ಅಗತ್ಯವಾದರೂ ಇದೆಯೇ?

ಪ್ರಶ್ನೆಯನ್ನು ಅಂತರದಲ್ಲಿ ತೂಗುಬಿಡುವುದಕ್ಕಿಂತ ಒಬ್ಬ ಮನುಷ್ಯನ ಬಾಳಿಗೆ ಹಚ್ಚಿ ನೋಡುವುದು ಮೇಲು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನಿಗಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ. 1953ರಲ್ಲಿ ಜ್ಯೂರಿಚ್‌ನಲ್ಲಿ ಸ್ಥಾಪಿತವಾದ ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಮಂಡಳಿ 1956ರಿಂದ ಎರಡು ವರ್ಷಗಳಿಗೊಮ್ಮೆ ಕೊಡುತ್ತ ಬಂದಿರುವ ಪ್ರಶಸ್ತಿಗೆ ಆತನದೇ ಹೆಸರು. ಆತನ ಹುಟ್ಟುಹಬ್ಬವಾದ ಏಪ್ರಿಲ್ 2ನ್ನು 1967ರಿಂದ ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ದಿನವೆಂದು ಆಚರಿಸುತ್ತಾರೆ. ಮಂಡಳಿಯ ಸಮ್ಮೇಳನದಲ್ಲಿ ನಾನಾ ದೇಶಗಳ ಲೇಖಕರು ಕಲೆತು ಆತನ ಹೆಸರು ಹೇಳಿ ಪದಕ ಸ್ವೀಕರಿಸುತ್ತಾರೆ. ಆದರೆ ಆತನೇ ಎದ್ದುಬಂದು ಆ ಸಭೆಯ ಬಾಗಿಲಲ್ಲಿ ನಿಂತಿದ್ದರೆ ಸ್ವಾಗತ ಸಮಿತಿಯವರಿಗೆ ಬಹಳ ಫಜೀತಿಯಾಗುತ್ತಿತ್ತೆಂದು ನನ್ನ ಗುಮಾನಿ.

ಏಕೆಂದರೆ ಆತ ಪ್ರಯಾಣ ಹೊರಟಾಗ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ಹಗ್ಗವಿರುತ್ತಿತ್ತು. ಇಳಿದುಕೊಂಡ ಹೋಟೆಲಿಗೆ ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿದು ಪಾರಾಗುವುದಕ್ಕೆ! ಆ ಹಗ್ಗ ಈಗಲೂ ಓಡೆನ್ಸ ಪಟ್ಟಣದ ವಸ್ತುಸಂಗ್ರಹದಲ್ಲಿದೆ. ಮಲಗಿದಾಗ ಸತ್ತನೆಂದು ಭಾವಿಸಿ ಜೀವಂತ ಹೂತುಬಿಟ್ಟಾರೆಂಬ ದಿಗಿಲು ಬೇರೆ. ಅದಕ್ಕಾಗಿ, ತಾನು ಸತ್ತಂತೆ ತೋರುತ್ತಿರುವುದಷ್ಟೆ, ನಿಜವಾಗಿ ಸತ್ತಿಲ್ಲ ಎಂದು ಚೀಟಿ ಬರೆದು ಹಾಸಿಗೆಯ ಬಳಿ ಇಡುತ್ತಿದ್ದನು. ನಾಯಿಯನ್ನು ಕಂಡರೆ ಭಯ. ಹುಳುವಿನ ರೋಗ ಅಂಟೀತೆಂದು ಹಂದಿಮಾಂಸ ಮುಟ್ಟಲು ಭಯ. ಪಾಸ್‌ಪೋರ್ಟ್ ಕಳೆದೀತೆಂದು ಭಯ. 1857ರ ಬೇಸಗೆಯಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಮಹಾಶಯನ ಮನೆಗೆ ಹೆಚ್ಚೆಂದರೆ ಎರಡು ವಾರಗಳಿಗೆಂದು ಹೋದವನು ಐದು ವಾರ ಕುಳಿತನು. ಬೆಳಿಗ್ಗೆ ಮನೆಯ ಮಗನೊಬ್ಬ ತನಗೆ ಕ್ಷೌರ ಮಾಡಬೇಕೆಂದು ಕೋರಿ ಎಲ್ಲರನ್ನೂ ಬೆಚ್ಚಿಬೀಳಿಸಿದನು; ಪತ್ರಿಕೆಯಲ್ಲಿ ತನ್ನ ಕಾದಂಬರಿಯನ್ನು ಹಳಿದ ವಿಮರ್ಶೆ ಓದಿ ಹುಲ್ಲಿನ ಮೇಲೆ ಬಿದ್ದು ಅತ್ತನು. ಅತಿಥಿ ಹೊರಟುಹೋದ ಮೇಲೆ ಡಿಕನ್ಸ್ ಆ ಕೋಣೆಯ ಕನ್ನಡಿಯ ಮೇಲೆ, ಐದು ವಾರ ಮನೆಮಂದಿಗೆ ಯುಗಗಳಾಗಿ ಕಂಡವೆಂದು ಬರೆದಿಟ್ಟನು, ಪತ್ರವ್ಯವಹಾರವನ್ನೂ ನಿಲ್ಲಿಸಿದನು.

ಇವನ್ನೆಲ್ಲ ಕೇಳಿ ನಗುವುದು ಸುಲಭ. ಆದರೆ ಇದರ ಬೇರು ಎಲ್ಲಿದೆ ನೋಡಿ. 1805ರಲ್ಲಿ ಓಡೆನ್ಸದ ಬಡ ಜೋಡು ಹೊಲಿಯುವವನ ಮಗನಾಗಿ ಹುಟ್ಟಿದವನು ಆತ. ತಾಯಿ ಪರರ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದಳು. ಹನ್ನೊಂದರಲ್ಲಿ ತಂದೆ ಸತ್ತ. ಹದಿನಾಲ್ಕರಲ್ಲಿ ಹುಡುಗ ನಟನಾಗುತ್ತೇನೆಂದು ಒಬ್ಬನೇ ಕೋಪನ್‌ಹೇಗನ್ನಿಗೆ ಹೊರಟ. ಉದಾರಿಗಳೊಬ್ಬರು ಶಾಲೆಗೆ ಸೇರಿಸಿದಾಗ ತನಗಿಂತ ಎಷ್ಟೋ ಚಿಕ್ಕವರ ಸಾಲಿನಲ್ಲಿ ಕೂರಬೇಕಾಯಿತು. ಮುಖ್ಯೋಪಾಧ್ಯಾಯನ ಮೂದಲಿಕೆ ಎಷ್ಟು ಆಳವಾಗಿ ನಾಟಿತೆಂದರೆ, ಮುಪ್ಪಿನಲ್ಲಿಯೂ ಆತ ಕನಸಿನಲ್ಲಿ ಬಂದು ಕಾಡುತ್ತಿದ್ದನು. ಮದುವೆಯಾಗಲಿಲ್ಲ; ಸ್ವಂತ ಮನೆಯೆಂಬುದು ಇರಲಿಲ್ಲ. ಬಾಡಿಗೆ ಕೋಣೆ, ಹೋಟೆಲು, ಶ್ರೀಮಂತರ ಅತಿಥಿಗೃಹಗಳಲ್ಲೇ ಬಾಳು ಸವೆಯಿತು. ಎಲ್ಲಿಯೂ ತನ್ನದೆಂಬ ನೆಲೆಯಿಲ್ಲದವನು ಹಗ್ಗವನ್ನು ಜೊತೆಗಿಟ್ಟುಕೊಂಡರೆ ಆಶ್ಚರ್ಯವೇನು?

ಈ ಸಂಗತಿಗಳನ್ನು ನಮ್ಮ ಕಾಲೇಜಿನ ತತ್ತ್ವಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಅಲ್ಲ ಸ್ವಾಮಿ, ತನ್ನ ಭಯವನ್ನೇ ಗೆಲ್ಲಲಾರದವನು ಮಗುವಿಗೆ ಧೈರ್ಯ ಹೇಳುವುದು ಹೇಗೆ?” ಎಂದರು.

“ಧೈರ್ಯ ಹೇಳುವುದೇ ಅವನ ಕೆಲಸವೆಂದು ಯಾರು ಗೊತ್ತುಮಾಡಿದರು, ರಾಯರೇ?” ಎಂದೆ.

ಅವರು ನಕ್ಕರು, ಒಪ್ಪಲಿಲ್ಲ. ಅವರ ಪ್ರಶ್ನೆ ಸಣ್ಣದಲ್ಲ, ಸ್ವಲ್ಪ ವಿಚಾರಿಸಬೇಕು.

ಇಂಥ ಕಡೆ ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಬಾಳೇ ಬೇರೆ, ಬರಹವೇ ಬೇರೆ ಎಂಬುದು ಒಂದು. ಲೇಖಕನ ಹುಳುಕು ಮಕ್ಕಳಿಗೆ ತಿಳಿಯದಿದ್ದರೆ ಸಾಕೆಂಬುದು ಇನ್ನೊಂದು. ಎರಡೂ ನನಗೆ ಹಿಡಿಸವು. ಮೊದಲನೆಯದು ಬರಹವನ್ನು ಹೆತ್ತವರಿಲ್ಲದ ಕೂಸಾಗಿಸುತ್ತದೆ. ಎರಡನೆಯದು ಮಗುವನ್ನು ಮೋಸಗೊಳಿಸುತ್ತದೆ. ಕತ್ತಲೆಯಲ್ಲಿ ಮಂಚದ ಕೆಳಗೆ ಬಗ್ಗಿ ನೋಡುವ ಮಗುವಿಗೆ ಹಗ್ಗದ ಮನುಷ್ಯ ಹಾಸ್ಯಾಸ್ಪದನಲ್ಲ. ದೊಡ್ಡವರಾದ ನಾವು ಭಯವನ್ನು ಕಳೆದುಕೊಂಡಿಲ್ಲ. ಮುಚ್ಚಿಡಲು ಕಲಿತು, ಆ ಮುಚ್ಚಳಕ್ಕೆ ಗಾಂಭೀರ್ಯವೆಂದು ಹೆಸರಿಟ್ಟಿದ್ದೇವೆ.

ಆದರೆ ಪುಕ್ಕಲರೆಲ್ಲ ಕಥೆಗಾರರಾಗುವುದಿಲ್ಲವಷ್ಟೆ. ಆತ ತನ್ನ ಭಯವನ್ನಿಟ್ಟುಕೊಂಡು ಏನು ಮಾಡಿದನೆಂಬುದು ಮುಖ್ಯ. 1837ರ ‘ಚಕ್ರವರ್ತಿಯ ಹೊಸ ಬಟ್ಟೆ’ಯನ್ನು ತೆಗೆದುಕೊಳ್ಳಿ. ಹದಿನಾಲ್ಕನೆಯ ಶತಮಾನದ ಸ್ಪೇನಿನ ಒಂದು ಕಥೆ ಅದಕ್ಕೆ ಮೂಲ. ಅಲ್ಲಿ ನಿಜವನ್ನಾಡುವವನು ಮಗುವಲ್ಲ. ಕಳೆದುಕೊಳ್ಳಲು ಏನೂ ಇಲ್ಲದ ಒಬ್ಬ ಸಾಮಾನ್ಯ ಮನುಷ್ಯ. ಆಂಡರ್ಸನ್ನನ ಹಸ್ತಪ್ರತಿಯಲ್ಲಿಯೂ ಮಗು ಇರಲಿಲ್ಲ. ಎಲ್ಲರೂ ಇಲ್ಲದ ಬಟ್ಟೆಯನ್ನು ಹೊಗಳುವಲ್ಲಿಗೆ ಕಥೆ ಮುಗಿದಿತ್ತು. ಅಚ್ಚಿನ ಕರಡು ತಿದ್ದುವಾಗ ಆತ ಮನಸ್ಸು ಬದಲಿಸಿ, ಮಗುವಿನ ಒಂದು ಮಾತನ್ನು ಸೇರಿಸಿದನು. ರಾಜರ, ಶ್ರೀಮಂತರ ಕೃಪೆಯಲ್ಲಿ ಬದುಕುತ್ತಿದ್ದ ಅಂಜುಬುರುಕ ಮನುಷ್ಯ, ತಾನು ಬಾಯಿಬಿಟ್ಟು ಆಡಲಾರದ ಮಾತನ್ನು ಮಗುವಿನ ನಾಲಗೆಗೆ ಕೊಟ್ಟನು. ಆ ಒಂದು ವಾಕ್ಯವಿಲ್ಲದಿದ್ದರೆ ಕಥೆ ಇಂದು ನಮ್ಮ ಊರುಗಳವರೆಗೆ ಬರುತ್ತಿತ್ತೇ?

1845ರ ‘ಬೆಂಕಿಕಡ್ಡಿ ಮಾರುವ ಹುಡುಗಿ’ಯದೂ ಹೀಗೆಯೇ. ಆತನ ತಾಯಿಯನ್ನು ಚಿಕ್ಕಂದಿನಲ್ಲಿ ಭಿಕ್ಷೆಗೆ ಅಟ್ಟಿದ್ದರು. ಬೇಡಲು ಬಾಯಿ ಬಾರದೆ ಆಕೆ ಸೇತುವೆಯ ಕೆಳಗೆ ಇಡೀ ದಿನ ಅಳುತ್ತ ಕುಳಿತಿದ್ದಳೆಂದು ಆತ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಕಥೆಯ ಹುಡುಗಿ ಹೊಸವರ್ಷದ ಮುನ್ನಾರಾತ್ರಿ ಬೀದಿಯಲ್ಲಿ ಚಳಿಗೆ ಸಾಯುತ್ತಾಳೆ. ಮಕ್ಕಳು ಅತ್ತಾರೆಂದು ಅವಳನ್ನು ಬದುಕಿಸಿದ ಆವೃತ್ತಿಗಳೂ ಹೊರಬಂದಿವೆ. ಈ ಅನುಕಂಪ ಯಾರ ಸಲುವಾಗಿ? ಅವಳನ್ನು ಬದುಕಿಸಿದರೆ ಮಗುವಿನ ಕಣ್ಣೀರು ಉಳಿಯುತ್ತದೆ, ನಿಜ. ಅದಕ್ಕಿಂತ ಹೆಚ್ಚಾಗಿ, ಅವಳನ್ನು ದಾಟಿ ನಡೆದ ದೊಡ್ಡವರ ಮಾನ ಉಳಿಯುತ್ತದೆ.

ನನ್ನ ಮಟ್ಟಿಗೆ ಧರ್ಮದ ಪ್ರಶ್ನೆ ಇರುವುದು ಇಲ್ಲಿಯೇ. ದೊಡ್ಡವರು ಓದಿದ್ದನ್ನು ಅನುಭವದೊಡನೆ ತಾಳೆ ನೋಡಬಲ್ಲರು. ಲೇಖಕ ಸುಳ್ಳಾಡಿದರೆ ಪುಸ್ತಕ ಮುಚ್ಚಿಬಿಡುವರು. ಮಗುವಿನ ಬಳಿ ಆ ತಕ್ಕಡಿ ಇಲ್ಲ. ಅದು ಹೇಳಿದ್ದನ್ನು ನಂಬುತ್ತದೆ. ನಂಬಿದವರನ್ನು ವಂಚಿಸಬಾರದೆಂಬುದು ಎಲ್ಲರಿಗೂ ಇರುವ ಕಟ್ಟಳೆ. ಮಕ್ಕಳ ಲೇಖಕನಿಗೆ ಅದು ಇಮ್ಮಡಿ. ಆತ ಮಗುವಿಗೆ ತೀರಿಸಬೇಕಾದ ಋಣ ನಗುಮೊಗವಲ್ಲ, ನಿಜ.

ಈ ಅಳತೆಗೋಲು ಆಂಡರ್ಸನ್ನನನ್ನೂ ಬಿಡದು. ‘ಕೆಂಪು ಜೋಡು’ ಎಂಬ ಕಥೆಯಲ್ಲಿ ಚೆಂದದ ಜೋಡಿಗೆ ಆಸೆಪಟ್ಟು ಅದನ್ನೇ ಮೆಟ್ಟಿಕೊಂಡು ಇಗರ್ಜಿಗೆ ಹೋದ ಹುಡುಗಿ, ನಿಲ್ಲಿಸಲಾರದೆ ಕುಣಿಯುತ್ತ, ಕೊನೆಗೆ ತನ್ನ ಪಾದಗಳನ್ನೇ ಕಡಿಸಿಕೊಳ್ಳಬೇಕಾಗುತ್ತದೆ. ಇದನ್ನು ಮಗುವಿಗೆ ಓದಿ ಹೇಳಲು ನನಗೆ ಮನಸ್ಸು ಬಾರದು. ಬೆಂಕಿಕಡ್ಡಿಯ ಕಥೆ ಲೋಕ ಕಠಿಣವೆಂದು ತಿಳಿಸುತ್ತದೆ. ಇದು ಮಗುವಿನ ಸಣ್ಣ ಆಸೆಗೆ ಲೋಕದ ಕಾಠಿಣ್ಯವೇ ತಕ್ಕ ಶಿಕ್ಷೆ ಎನ್ನುತ್ತದೆ. ಇಲ್ಲಿ ಹಗ್ಗ ಪೆಟ್ಟಿಗೆಯಿಂದ ಹೊರಬಂದು ಮಗುವನ್ನು ಕಟ್ಟಲು ಹೋಗಿದೆ. ತತ್ತ್ವಶಾಸ್ತ್ರದ ಮಿತ್ರರ ಸಂದೇಹಕ್ಕೆ ಇಷ್ಟು ಸ್ಥಳವನ್ನು ಬಿಟ್ಟುಕೊಡಲೇಬೇಕು.

ನಗುಮೊಗದ ತಾತನ ಚಿತ್ರವನ್ನು ಆಂಡರ್ಸನ್ ಸ್ವತಃ ಒಪ್ಪಿರಲಿಲ್ಲ. 1875ರಲ್ಲಿ ಕೋಪನ್‌ಹೇಗನ್ನಿನ ರಾಜೋದ್ಯಾನದಲ್ಲಿ ಆತನ ಪ್ರತಿಮೆ ನಿಲ್ಲಿಸುವ ಏರ್ಪಾಡಾಯಿತು. ಶಿಲ್ಪಿ ಸಾಬ್ಯು ತಂದು ತೋರಿಸಿದ ಮಾದರಿಯಲ್ಲಿ ಮಕ್ಕಳು ಆತನಿಗೆ ಒರಗಿಕೊಂಡಿದ್ದರು. ಮುದುಕ ಕೆರಳಿದನು: ಬೆನ್ನ ಹಿಂದೆ, ಮಡಿಲಲ್ಲಿ ಯಾರಾದರೂ ಇದ್ದರೆ ತನಗೆ ಓದುವುದೇ ಆಗದು, ತಾನು ಬರಿಯ ಮಕ್ಕಳ ಕವಿಯಲ್ಲ, ಎಲ್ಲ ವಯಸ್ಸಿನವರ ಕವಿ! ಆ ಆಗಸ್ಟಿನಲ್ಲಿ ಆತ ತೀರಿಕೊಂಡನು. 1880ರಲ್ಲಿ ಅನಾವರಣಗೊಂಡ ಪ್ರತಿಮೆಯಲ್ಲಿ ಮಕ್ಕಳಿಲ್ಲ. ಪುಸ್ತಕ ಹಿಡಿದ ಒಬ್ಬಂಟಿ ಮನುಷ್ಯ ಎದುರಿಗಿರುವ ಯಾರಿಗೋ ಕಥೆ ಹೇಳುತ್ತಿದ್ದಾನೆ.

1956ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಆತನ ಇನ್ನೊಂದು ಪ್ರತಿಮೆ ಸ್ಥಾಪಿತವಾಯಿತು. ಅಲ್ಲಿಯೂ ಶಿಲ್ಪಿ ಎದುರಿಗೆ ಒಂದು ಬಾತುಮರಿಯನ್ನು ಬಿಟ್ಟು ಬೇರೆ ಯಾರನ್ನೂ ಇರಿಸಲಿಲ್ಲ. ಆದರೆ ದಿನವೂ ಬರುವ ಮಕ್ಕಳು ತಾವಾಗಿಯೇ ಹತ್ತಿ ಅವನ ಮಡಿಲಲ್ಲಿ ಕೂರುತ್ತಾರೆ. ಈ ಮನುಷ್ಯ ಎಂಥವನೆಂದು ಅವರು ವಿಚಾರಿಸಿಲ್ಲ, ಯಾರ ಅಪ್ಪಣೆಯನ್ನೂ ಕೇಳಿಲ್ಲ. ಕಥೆಯಲ್ಲಿ ತಮಗೆ ನಿಜ ಹೇಳಿದವನ ಮೇಲೆ ಅವರಿಗೆ ಅಷ್ಟು ಸಲಿಗೆ ಸಲ್ಲುತ್ತದೆ.